ಕೊಪ್ಪದ ಗದ್ದೆಯಲ್ಲಿ ಬೈಸಿಕೊಂಡದ್ದು

ಮದ್ದೂರಿನ ಹಾರ್ನುಗಳ ಗದ್ದಲ ತಪ್ಪಿಸಿಕೊಂಡು ಕೊಪ್ಪದ ದಾರಿಗೆ ಹೊರಳಿದ್ದೆವು. ಕಬ್ಬಿನ ನೆರಳಿಗೆ ಒಂದು ಒಣ ಕಾಲುವೆ ಸಿಕ್ಕಿತು. ನಾನೂ ಹೆಂಡತಿಯೂ ಅದರೊಳಗೇ ಬುತ್ತಿ ಬಿಚ್ಚಿ ಕೂತೆವು. ಹಕ್ಕಿ ಬಿಟ್ಟರೆ ಸದ್ದಿಲ್ಲ.

ಮೊದಲ ತುತ್ತಿಗೇ ಗದ್ದೆಯೊಡತಿ ದೂರದಿಂದ ಕೂಗಿದರು: "ಯಾರಲಾ ಅದು? ಏಳ್ರಲಾ ಮ್ಯಾಕೆ!"

ಧಾರವಾಡದ ನಮಗೆ ಆ 'ಲಾ' ಬೈಗುಳದಂತೆಯೇ ಕೇಳಿಸಿತು. ಓಡಿಸುತ್ತಾರೆಂದು ಡಬ್ಬಿ ಎತ್ತಿಕೊಂಡು ಬದುವಿಗೆ ಹಾರಿದೆವು. ಮರುಗಳಿಗೆ, ನಾವು ಕೂತಿದ್ದ ಜಾಗದಲ್ಲೇ ಪಂಪಿನ ನೀರು ಭೋರೆಂದು ನುಗ್ಗಿತು.

"ಇದು ಕರೆಂಟು ಬರೋ ಒತ್ತು ಕಣಪ್ಪ," ಎನ್ನುತ್ತಾ ಅವರು ಹತ್ತಿರ ಬಂದರು.

ತಣ್ಣನೆ ನೀರಿಗೆ ಕಾಲು ಇಳಿಬಿಟ್ಟು ಮತ್ತೆ ಕೂತೆವು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ಪಕ್ಕದಲ್ಲೇ ಕೂತು, ತಮ್ಮ ಬುತ್ತಿಯ ಮುದ್ದೆಯನ್ನೇ ಮುರಿದು ನನ್ನೆದುರು ಹಿಡಿದರು.

"ಬ್ಯಾಡ್ರಿ, ನಿಮಗ ಸಾಲೂದಿಲ್ಲ."

"ಬಾಯ್ಮುಚ್ಕಂಡು ಉಣ್ಣಲಾ."

ಈ ಸಲ ನಾನು ಬೆದರಲಿಲ್ಲ. ಡಬ್ಬಿ ಚಾಚಿದೆ.