ವ್ಲಾಸ್ತಾ ತೋರಿಸಿದ ಗುರುತು

ವ್ಲಾಸ್ತಾ ಚೆಕ್ ದೇಶದ ಮೊರಾವಿಯಾದ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಪಾರ್ಸೆಲ್ ತೂಗುತ್ತ ಬಂದವಳು. ಗಂಡ ಬೊಹುಶ್ ಅದೇ ಊರಿನ ಟೆನಿಸ್ ಕ್ಲಬ್ಬಿನ ಅಂಗಳ ನೋಡಿಕೊಳ್ಳುತ್ತಿದ್ದ. ಇಟ್ಟಿಗೆ ಪುಡಿ ಹರಡಿ, ನೀರು ಹೊಡೆದು, ರೋಲರ್ ಎಳೆಯುವ ಕೆಲಸ. ಅವನ ಕಾಲುಚೀಲ ಒಗೆದ ನೀರು ಸದಾ ಕೆಂಪು. ಮದುವೆಯಾದ ಹೊಸದರಲ್ಲಿ ಅದಕ್ಕೇ ಜಗಳ.

ಮಕ್ಕಳಾಗಲಿಲ್ಲ. ಒಂದು ಭಾನುವಾರ, ಚೆಂಡು ಗೆರೆಯಾಚೆ ಬಿದ್ದರೆ ಔಟ್ ಎಂದು ಕೂಗಲು ಕೂರುವ ಗೆರೆ ಕಾಯುವವನೊಬ್ಬ ಬರಲಿಲ್ಲವೆಂದು ಬೊಹುಶ್ ಇವಳನ್ನು ಕೂರಿಸಿದ. ಕಣ್ಣು ಚುರುಕಾಗಿತ್ತು. ಆಮೇಲೆ ಇಪ್ಪತ್ತೆರಡು ವರ್ಷ ಕೂತಳು. ಅವನು ಹೇಳಿಕೊಟ್ಟಿದ್ದು ಒಂದೇ, ಚೆಂಡು ನೆಲ ಮುಟ್ಟುವ ತನಕ ಬಾಯಿ ತೆಗೆಯಬೇಡ. ಹೆಂಡತಿಯ ಕೂಗು ತಪ್ಪಿದ್ದೇ ಇಲ್ಲವೆಂದು ಅವನು ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ನಿಜಕ್ಕೂ ತಪ್ಪಿರಲಿಲ್ಲ.

ಜನವರಿಯಲ್ಲಿ ಬೊಹುಶ್ ಹೋದ. ಬೂಟು ಹಾಕಿಕೊಳ್ಳುತ್ತ ಹಾಗೇ ವಾಲಿದ. ಒಂದು ಕಾಲಿಗೆ ಹಾಕಿದ್ದ, ಇನ್ನೊಂದು ಕಾಲಿಗೆ ಇಲ್ಲ.

ಏಪ್ರಿಲ್‌ನಲ್ಲಿ ದೇಶದೇಶಗಳ ಹೆಂಗಸರ ತಂಡಗಳು ಆಡುವ ಕಪ್ಪಿನ ಒಂದು ಸುತ್ತು ಅವರ ಕ್ಲಬ್ಬಿಗೇ ಬಂತು. ಚೆಕ್ ತಂಡ, ಎದುರಿಗೆ ಸ್ಲೊವಾಕ್ ತಂಡ. ಎತ್ತರದ ಕುರ್ಚಿಯಲ್ಲಿ ಕೂರುವ ಅಂಪೈರ್ ಹೊರಗಿನವಳು, ಡೆನ್ಮಾರ್ಕಿನವಳು. ಗೆರೆ ಕಾಯುವವರು ಮಾತ್ರ ಆಟ ನಡೆಸುವ ದೇಶದವರು, ಚೆಕ್ಕರೇ. ಹಾಗಾಗಿ ಅವರ ಮೇಲೆ ಎಲ್ಲರ ಕಣ್ಣು.

ಭಾನುವಾರ ಆಟಕ್ಕೆ ಮುಂಚೆ ಬೊಹುಶ್‌ಗಾಗಿ ಒಂದು ನಿಮಿಷ ನಾಲ್ಕು ಸಾವಿರ ಜನ ಎದ್ದು ನಿಂತರು. ವ್ಲಾಸ್ತಾಳ ಕೈಗೆ ಹೂ ಕೊಟ್ಟರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿ ಕೆಳಗೆ ತುರುಕಿದಳು.

ಐದು ಆಟದಲ್ಲಿ ಮೂರು ಗೆದ್ದ ತಂಡಕ್ಕೆ ಗೆಲುವು. ಚೆಕ್ಕರು ಎರಡು ಆಟ ಗೆದ್ದಿದ್ದರು, ಸ್ಲೊವಾಕರು ಒಂದು. ನಾಲ್ಕನೆಯದರಲ್ಲಿ ಸ್ಲೊವಾಕ್ ಹುಡುಗಿ ಟಿಮೆಯಾ ಗೆಲುವಿಗೆ ಒಂದೇ ಅಂಕ ದೂರವಿದ್ದಳು. ಅದು ಸಿಕ್ಕರೆ ಎರಡೂ ಕಡೆ ಸರಿಸಮ. ಅವಳು ಹೊಡೆದ ಚೆಂಡು ಚೆಕ್ ಹುಡುಗಿಯನ್ನು ದಾಟಿ ಹಿಂದಿನ ಗೆರೆಗೆ ಬಂತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ವ್ಲಾಸ್ತಾ ಔಟ್ ಎಂದು ಕೂಗಿಬಿಟ್ಟಳು. ಚೆಂಡು ಗೆರೆಯ ಮೇಲೇ ಬಿತ್ತು. ಸುಣ್ಣದ ಪುಡಿ ಹಾರಿದ್ದನ್ನು ಅವಳೇ ನೋಡಿದಳು.

ತಪ್ಪು ಕೂಗಿದರೆ ಕೂಡಲೇ ಕೈ ಎತ್ತಿ ತಿದ್ದಿಕೊಳ್ಳಬಹುದು. ಅವಳ ಕೈ ಮೊಣಕಾಲು ಬಿಟ್ಟು ಏಳಲಿಲ್ಲ. ಬೊಹುಶ್‌ಗಾಗಿ ಎದ್ದು ನಿಂತ ಜನ, ಅವರೆದುರು ಹೇಗೆ ಎತ್ತುವುದು.

ಡೇನಿಶ್ ಅಂಪೈರ್ ಕುರ್ಚಿಯಿಂದಿಳಿದು ಬಂದಳು. ಮಣ್ಣಿನಂಗಳದಲ್ಲಿ ಚೆಂಡಿನ ಗುರುತು ಉಳಿಯುತ್ತದೆ, ಅದನ್ನು ನೋಡಿಯೇ ತೀರ್ಪು. ಅಲ್ಲಿ ಎರಡು ಗುರುತಿದ್ದವು. ಒಂದು ಗೆರೆ ಮುಟ್ಟಿತ್ತು. ಇನ್ನೊಂದು ಒಂದು ಬೆರಳು ಆಚೆ, ಹಿಂದಿನ ಗೇಮಿನದು. ಯಾವುದು ಎಂದು ಅಂಪೈರ್ ಕೇಳಿದಳು.

ಆಟಗಾರ್ತಿ ನೆಟ್ ದಾಟಿ ಬರುವಂತಿಲ್ಲ. ಟಿಮೆಯಾ ಆಚೆಯಿಂದಲೇ ಅಂದಳು, "ಅಮ್ಮಾ, ಸರಿಯಾಗಿ ನೋಡಿ ಹೇಳಿ."

ವ್ಲಾಸ್ತಾ ಗೆರೆಯಾಚೆಯ ಗುರುತನ್ನು ತೋರಿಸಿದಳು.

ಆಮೇಲೆ ಆ ಹುಡುಗಿಯ ಕೈ ಓಡಲಿಲ್ಲ. ಚೆಕ್ಕರು ಗೆದ್ದರು.

ಕ್ಲಬ್ಬಿನ ಸಭಾಂಗಣದಲ್ಲಿ ಬಿಯರ್ ಹರಿಯಿತು. ಗೆರೆಯವರ ಮುಖ್ಯಸ್ಥ ಲೋಯ್ಜಾ ಅವಳ ಹೆಗಲು ತಟ್ಟಿ, "ಒಂದು ಅಂಕ ನಮ್ಮ ವ್ಲಾಸ್ತಾನೇ ಹೊಡೆದ್ಲು ಕಣ್ರಪ್ಪಾ, ರಾಕೆಟ್ಟೂ ಬೇಕಾಗ್ಲಿಲ್ಲ" ಅಂದ. ಎಲ್ಲ ನಕ್ಕರು. ತಮಾಷೆಗೆ ಅಂದದ್ದು. ಅವಳಿಗೆ ಕಿವಿಯ ತನಕ ಸುಟ್ಟಿತು. ಲೋಟ ಮುಟ್ಟದೆ ಎದ್ದು ಹೊರಗೆ ಹೋದಳು.

ಸ್ಲೊವಾಕರ ಬಸ್ಸು ಹಿಂಬದಿ ನಿಂತಿತ್ತು. ಟಿಮೆಯಾ ಮೆಟ್ಟಿಲ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದಳು. ಹತ್ತೊಂಬತ್ತು ಇರಬಹುದು. ಹತ್ತಿರದಿಂದ ಇನ್ನೂ ಚಿಕ್ಕವಳಂತೆ ಕಂಡಳು.

"ನಿನ್ನ ಚೆಂಡು ಗೆರೆ ಮೇಲಿತ್ತು," ವ್ಲಾಸ್ತಾ ಅಂದಳು. "ನನಗೆ ಗೊತ್ತಿತ್ತು. ಗೊತ್ತಿದ್ದೇ ಬೇರೇದು ತೋರ್ಸಿದೆ."

ಹುಡುಗಿ ಬಾಯಲ್ಲಿದ್ದದ್ದನ್ನು ನುಂಗಿದಳು. "ಅಷ್ಟು ಜನರ ಮುಂದೆ ತೋರ್ಸಿದ್ರಿ. ಬಸ್ಸಿನ ಹಿಂದೆ ಬಂದು ಹೇಳ್ತೀರಾ?"

ಕ್ಷಮಿಸು ಅನ್ನಲು ಬಂದವಳು ಹಾಗೇ ತಿರುಗಿ ಕ್ಲಬ್ಬಿನ ಕಚೇರಿಗೆ ನಡೆದಳು. ಡೇನಿಶ್ ಅಂಪೈರ್ ಇನ್ನೂ ಅಲ್ಲೇ ಇದ್ದಳು. ಹೇಳಿದಾಗ ಅವಳು ಬರೆದುಕೊಂಡಳು, ಫಲಿತಾಂಶ ಬದಲಾಗದು ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ವ್ಲಾಸ್ತಾ ಸಭಾಂಗಣಕ್ಕೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಲೋಯ್ಜಾ ಮೆಲ್ಲಗೆ ಬಂದು ಅವಳ ತೋಳು ಹಿಡಿದ. "ಅಳು ಬಂದಿತ್ತು ನಿಂಗೆ. ಕಣ್ಣು ಮಂಜಾಗಿತ್ತು. ಯಾರೂ ಏನೂ ಅನ್ನಲ್ಲ, ಬಿಡು."

"ಕಣ್ಣು ಚೆನ್ನಾಗೇ ಇತ್ತು ಲೋಯ್ಜಾ. ಬೊಹುಶ್ ಸತ್ತಿದ್ದನ್ನ ಇದರ ಮೇಲೆ ಹೊದಿಸ್ಬೇಡ."

ಅವನು ಕೈ ಬಿಟ್ಟ. ಯಾರೋ ಮೂಲೆಯಲ್ಲಿ, ಇದನ್ನು ಇವತ್ತೇ ಹೇಳಬೇಕಿತ್ತಾ ಅಂದರು. ಉಳಿದವರು ಲೋಟ ನೋಡಿಕೊಂಡು ಕೂತರು.

ಮತ್ತೆ ಅವಳನ್ನು ಗೆರೆಗೆ ಕರೆಯಲಿಲ್ಲ. ಅಂಚೆ ಕಚೇರಿಯಲ್ಲಿ ಕ್ಲಬ್ಬಿನ ಕೆಲವರು ಪಕ್ಕದ ಕಿಟಕಿಗೆ ಹೋಗುತ್ತಿದ್ದರು, ಸಾಲು ಉದ್ದವಿದ್ದರೂ. ಸುಳ್ಳು ಹೇಳಿದ್ದಕ್ಕೋ, ನಿಜ ಹೇಳಿದ್ದಕ್ಕೋ, ಅವಳು ಕೇಳಲಿಲ್ಲ.

ಶನಿವಾರ ಸ್ಮಶಾನಕ್ಕೆ ಹೋಗುತ್ತಾಳೆ. ಕಳೆ ಕೀಳುತ್ತ ವಾರದ್ದೆಲ್ಲ ಬೊಹುಶ್‌ಗೆ ಹೇಳುತ್ತಾಳೆ. ಬಾಯ್ಲರ್ ಕೆಟ್ಟದ್ದು, ಪಕ್ಕದ ಮನೆಯವಳ ಮೊಣಕಾಲು, ಆಲೂಗಡ್ಡೆ ಮೊಳೆತದ್ದು. ಊರಿಗೆಲ್ಲ ಹೇಳಿದ್ದನ್ನು ಅವನಿಗೆ ಮಾತ್ರ ಇನ್ನೂ ಹೇಳಿಲ್ಲ. ಮೇಣದಬತ್ತಿ ಹಚ್ಚಿಟ್ಟು, ಕಲ್ಲಿನ ಮೇಲಿನ ಅವನ ಹೆಸರು ನೋಡದೆ ಎದ್ದು ಬರುತ್ತಾಳೆ.