ಬಾಗಿಲಲ್ಲೇ ನಿಂತ ಡಾಕ್ಟರು

೧೯೫೪. ಕಾಸರಗೋಡು ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದ ಕಾಲ. ಪೇಟೆಯ ಇಪ್ಪತ್ತು ಹಾಸಿಗೆಗಳ ಆಸ್ಪತ್ರೆಯೊಂದರಲ್ಲಿ ನಾನೊಬ್ಬನೇ ಡಾಕ್ಟರು. ಜಾತಿ ನೋಡದೆ ಎಲ್ಲರನ್ನೂ ಮುಟ್ಟುವವನೆಂದು ನನಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಗಾಯಗಳನ್ನು ದಿನಾ ನಾನೇ ಬಿಚ್ಚಿ ಕಟ್ಟುತ್ತಿದ್ದೆ. ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಕಾರಡ್ಕ ಕಡೆಯಿಂದ ಐತೆ ಎಂಬ ಹೆಂಗಸನ್ನು ಹೊತ್ತು ತಂದರು. ಬುಟ್ಟಿ ಹೆಣೆಯುವ ಮನೆಯವಳು. ಅಂಗಡಿಯವರೂ ಅಂಗಳದಾಚೆ ನಿಲ್ಲಿಸುತ್ತಿದ್ದ ಜನ. ಕಡಿದ ಬಿದಿರಿನ ಮೊನೆಯ ಮೇಲೆ ಬಿದ್ದು ತೊಡೆ ಸೀಳಿತ್ತು. ತೊಳೆದು ಹೊಲಿದೆ. ನಾಲ್ಕು ದಿನ ಚೆನ್ನಾಗಿದ್ದಳು. ಐದನೆಯ ದಿನ ಜ್ವರ, ಹೊಲಿಗೆಯಲ್ಲಿ ಕೀವು. ಆಗ ಪೆನಿಸಿಲಿನ್ ಎಂದರೆ ನಮಗೆ ರಾಮಬಾಣ. ಮೂರು ದಿನ ಚುಚ್ಚಿದರೂ ಜ್ವರ ಇಳಿಯಲಿಲ್ಲ.

"ಮನೆಯಲ್ಲಿ ಎರಡು ಸಣ್ಣ ಮಕ್ಕಳುಂಟು ಧಣಿ. ಇವಳು ಉಳಿಯುವಳಾ?" ಎಂದು ಗಂಡ ತನಿಯ ಕೇಳಿದ.

ಪರೀಕ್ಷೆಗೆಂದು ಕೀವನ್ನು ಮಂಗಳೂರಿನ ಲ್ಯಾಬಿಗೆ ಕಳಿಸಲು ಹೊರಟಾಗ ಹಿರಿಯ ನರ್ಸ್ ಫ್ಲೋರಿನ್ ಬಾಯಮ್ಮ ಅಳುಕುತ್ತ ಹೇಳಿದರು: "ಬೇಸರ ಮಾಡಬೇಡಿ ಡಾಕ್ಟ್ರೇ. ಈ ತಿಂಗಳು ಕೀವಾದದ್ದು ಮೂರು ಜನಕ್ಕೆ. ಮೂವರಿಗೂ ನಿಮಗೆ ಶೀತ ಶುರುವಾದ ಮೇಲೆಯೇ. ನಿಮ್ಮ ಮೂಗಿನದ್ದೂ ಒಮ್ಮೆ ಕಳಿಸುವ, ಅಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. ಅವರ ಮಾತು ಸುಳ್ಳೆಂದು ತೋರಿಸಲೆಂದೇ ಮೂಗಿನಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಎರಡನ್ನೂ ರೈಲಿನಲ್ಲಿ ಕಳಿಸಿದೆ. ಮೂರನೆಯ ದಿನ ಫಲಿತಾಂಶ ನೋಡಲು ನಾನೇ ಹೋದೆ.

ರೋಗಾಣು ಬೆಳೆಸಿದ ತಟ್ಟೆಯ ಮೇಲೆ ಔಷಧಿ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಂಗುರದಷ್ಟು ಜಾಗ ಖಾಲಿ ಉಳಿಯುತ್ತದೆ. ಐತೆಯ ತಟ್ಟೆಯಲ್ಲಿ ಪೆನಿಸಿಲಿನ್ ಬಿಲ್ಲೆಯ ಅಂಚಿನವರೆಗೂ ಸ್ಟಾಫಿಲೋಕಾಕಸ್ ಎಂಬ ಕೀವಿನ ರೋಗಾಣು ಬೆಳೆದಿತ್ತು. ನನ್ನ ಮೂಗಿನ ತಟ್ಟೆಯಲ್ಲೂ ಅದೇ ರೋಗಾಣು, ಹಾಗೆಯೇ. ಕ್ಲೋರಾಂಫೆನಿಕಾಲ್ ಎಂಬ ಇನ್ನೊಂದು ಔಷಧಿಯ ಬಿಲ್ಲೆಯ ಸುತ್ತ ಮಾತ್ರ ಎರಡರಲ್ಲೂ ಉಂಗುರವಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆ ಔಷಧಿಯನ್ನು ಅಲ್ಲಿಂದಲೇ ತಂದೆ. ಹೊಲಿಗೆ ಬಿಚ್ಚಿ ಕೀವು ತೆಗೆಯುವ ಕೆಲಸವನ್ನು ಬಾಯಮ್ಮನಿಗೆ ಒಪ್ಪಿಸಿ, ವಾರ್ಡಿನ ಬಾಗಿಲಲ್ಲೇ ನಿಂತು ವಿಚಾರಿಸತೊಡಗಿದೆ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಐತೆ ಎದ್ದು ಕೂತು ಗಂಜಿ ಕುಡಿದಳು. ನನ್ನನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಎಂತಕ್ಕೆ ಧಣಿ ದೂರ ನಿಂತದ್ದು? ನೀವು ಮುಟ್ಟುವವರಲ್ವಾ? ಈಗ ನಿಮಗೂ ನಾವು ಮೈಲಿಗೆಯಾ?"

ಎದೆಗೆ ಒದ್ದಂತಾಯಿತು.

"ಇಲ್ಲ ಐತೆ, ಮೈಲಿಗೆ ನನ್ನದು. ನಿನ್ನ ಗಾಯಕ್ಕೆ ಕೀವು ಬಂದದ್ದು ನನ್ನ ಮೂಗಿನಿಂದ."

ಬಾಯಮ್ಮ ಅವಳ ಗಾಯಕ್ಕೆ ಬಟ್ಟೆ ಸುತ್ತುವುದನ್ನು ನಿಲ್ಲಿಸಿದರು.

"ಹಾಗಾದರೆ ಅಲ್ಲಿಯೇ ನಿಲ್ಲಿ ಧಣಿ," ಎಂದಳು ಐತೆ.

ನಿಂತೆ. ರೋಗಿಯನ್ನು ಮುಟ್ಟುವುದೇ ದೊಡ್ಡ ಗುಣವೆಂದು ಅಂದುಕೊಂಡಿದ್ದವನಿಗೆ, ಮುಟ್ಟುವ ಮೊದಲು ನನ್ನನ್ನೇ ಪರೀಕ್ಷಿಸಿಕೊಳ್ಳಬೇಕೆಂದು ಕಲಿಸಿದವಳು ಅವಳು. ಆಮೇಲೆ ಶೀತವಿದ್ದ ದಿನ ನಾನು ಯಾರ ಗಾಯವನ್ನೂ ಬಿಚ್ಚಲಿಲ್ಲ.