ಫ್ಯೂಸಿಗೆ ಸುತ್ತಿದ ಚಾಕೊಲೇಟ್ ಕಾಗದ

ಇವತ್ತು ಮೆಲ್ಬರ್ನ್‌ನ ನಮ್ಮ ಪಕ್ಕದ ಮನೆಯವರು ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಹಳೆಯ ಮನೆಗಾಡಿ, ಕ್ಯಾರವಾನ್‌ನಿಂದ ಸುಟ್ಟ ವೈರಿನ ವಾಸನೆ ಬಂತು. ಕೂಡಲೇ ಅಪ್ಪನ ಗೆಳೆಯ, ಎಲ್ಲ ಬಲ್ಲ ಅಂಕಲ್ ನೆನಪಾದರು.

ನಾನು ಚಿಕ್ಕವಳಿದ್ದಾಗ ನಾವು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿದ್ದೆವು. ಅಪ್ಪ ಕೊಂಡಿದ್ದ ಹಳೆಯ ಕ್ಯಾರವಾನ್‌ನಲ್ಲಿ ಲೈಟ್ ಹಾಕಿದಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ರಿಪೇರಿಗೆ ಬಂದ ಅಂಕಲ್ ಟೆಸ್ಟರನ್ನು ಪೆನ್ನಿನಂತೆ ಜೇಬಿಗೆ ಸಿಕ್ಕಿಸಿಕೊಂಡು ಮೆರೆದರೇ ಹೊರತು, ಒಂದು ವೈರನ್ನೂ ಮುಟ್ಟಿ ನೋಡಲಿಲ್ಲ.

“ಫ್ಯೂಸ್ ಸುಮ್ಮನೆ ಹೋಗುತ್ತಾ? ಎಲ್ಲೋ ವೈರ್ ತಾಗ್ತಿರಬೇಕು, ಮೊದಲು ಅದನ್ನ ನೋಡಿ,” ಅಂದಳು ಅಮ್ಮ.

“ನೀವು ಕಾಫಿ ಮಾಡಿ ಮೇಡಂ, ಇದು ಟೆಕ್ನಿಕಲ್,” ಎಂದು ನಕ್ಕ ಅಂಕಲ್, ನನ್ನ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಫ್ಯೂಸಿಗೆ ಸುತ್ತಿದರು. ಲೈಟ್ ಹತ್ತಿತು. ಅಪ್ಪ ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆಲ್ಲ ಒಳಗೆ ತಂಗಿ ಮಲಗಿದ್ದ ಮಂಚದ ಹಿಂದಿನ ವೈರ್ ಸುಟ್ಟು ಹೊಗೆ ಎದ್ದಿತು. ಎಲ್ಲರಿಗಿಂತ ಮೊದಲು ಹೊರಗೆ ಹಾರಿದವರು ಅಂಕಲ್ಲೇ. ಅಮ್ಮ ಬ್ಯಾಟರಿಯ ವೈರ್ ಕಿತ್ತೆಸೆದು, ಕೆಮ್ಮುತ್ತಿದ್ದ ತಂಗಿಯನ್ನು ಎತ್ತಿಕೊಂಡು ಬಂದಳು.

“ಈ ದೇಶದ ವೈರಿಂಗೇ ಸರಿಯಿಲ್ಲ,” ಅಂದರು ಹುಲ್ಲಿನ ಮೇಲೆ ನಿಂತಿದ್ದ ಆ ಮಹಾಶಯರು. ಅಪ್ಪ ಹೌದೆಂದು ತಲೆಯಾಡಿಸಿದರು! ಅಮ್ಮ ಇಬ್ಬರನ್ನೂ ಒಮ್ಮೆ ನೋಡಿದಳು. ಅಂಥ ನೋಟವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಈಗ, ಇಲ್ಲಿನ ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಗಂಡ ಪಕ್ಕದವರಿಗೆ ನೆರವಾಗಲು ಎದ್ದರು.

“ನಾನು ನೋಡ್ತೀನಿ. ಎಂಜಿನಿಯರ್ ಕಣೇ ನಾನು!”

“ಎಲೆಕ್ಟ್ರಿಷಿಯನ್ ಬರಲಿ. ನೀವು ಕೂತ್ಕೊಳ್ಳಿ,” ಅಂದೆ.